ನಂದಿ ಹಾಲ್ಟ್‌ನಲ್ಲಿ ಇಳಿದವರು ಯಾರಾದ್ರೂ ಇದ್ದೀರಾ? ಹಳೇ ಚಿಕ್ಕಬಳ್ಳಾಪುರ ಲೈನಿನಲ್ಲಿ ಪ್ರವಾಸಿ ರೈಲು ಆಗುತ್ತಾ?

ಸುಲ್ತಾನ್‌ಪೇಟೆ ಮೆಟ್ಟಿಲು

ಕಳೆದ ಭಾನುವಾರ ಮಗಳನ್ನು ಕರ್ಕೊಂಡು ಯಲಹಂಕದಿಂದ ರೈಲಿನಲ್ಲಿ ನಂದಿಬೆಟ್ಟದ ಹತ್ತಿರದ ನಂದಿ ಹಾಲ್ಟ್ ಸ್ಟೇಷನ್ನಿಗೆ ಹೋಗಿದ್ದೆ. ಹುಟ್ಟಿ ಬೆಳೆದದ್ದು ಚಿಕ್ಕಬಳ್ಳಾಪುರದಲ್ಲೇ, ಆದರೆ ಆ ಸ್ಟೇಷನ್ನಿನಲ್ಲಿ ಕಾಲಿಟ್ಟದ್ದು ಇದೇ ಮೊದಲು. ಬಸ್ಸಿನಲ್ಲಿ ಓಡಾಡಿದವರು ನಾವು, ರೈಲು ಯಾರಿಗೆ ಬೇಕಿತ್ತು.

ಇಳಿದವರು ಮೂರೇ ಜನ. ನಾವಿಬ್ಬರು, ಜೊತೆಗೆ ಖಾಲಿ ಹೂವಿನ ಬುಟ್ಟಿ ಹಿಡಿದ ಒಬ್ಬ ಅಮ್ಮ. ರೈಲು ಹೋದ ಮೇಲೆ ಒಂದು ಸದ್ದಿಲ್ಲ. ಕಲ್ಲಿನ ದಪ್ಪ ಗೋಡೆ, ಇಳಿಜಾರು ಹಂಚಿನ ಮಾಡು, ಸುತ್ತ ದೊಡ್ಡ ಮರಗಳು. ಆ ಕಡೆ ಬೆಟ್ಟ. ಮಗಳು ಸ್ವಲ್ಪ ಹೊತ್ತು ನೋಡಿ, "ಅಪ್ಪ, ಇದು ಯಾರ ಮನೆ?" ಅಂದಳು. ಅವಳಿಗೆ ಸ್ಟೇಷನ್ ಅಂದರೆ ಎಸ್ಕಲೇಟರ್ ಇರುವ ಜಾಗ.

ಅಲ್ಲಿಂದ ಭೋಗನಂದೀಶ್ವರ ದೇವಸ್ಥಾನಕ್ಕೆ ನಡೆದೇ ಹೋದೆವು, ಒಂದೂವರೆ ಕಿ.ಮೀ. ಹತ್ತಿರ. ಕಾರಿನಲ್ಲಿ ಬಂದವರು ಪಾರ್ಕಿಂಗ್‌ಗೆ ಜಗಳ ಆಡುತ್ತಿದ್ದರು.

ಗೊತ್ತಿಲ್ಲದವರಿಗೆ ಎರಡು ಮಾತು. ಈ ಲೈನು ಹುಟ್ಟಿದ್ದು 1915ರ ಸುಮಾರಿಗೆ, ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಅಂತರದ ನ್ಯಾರೋಗೇಜು. ಆ ಕಡೆಯಿಂದ ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲೇ ಅದೇ ಅಳತೆಯ ಹಳಿ ಬಂದಿತ್ತು. ಆಮೇಲೆ ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಎರಡೂ ಸೇರಿದವು. ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು, 1912ರಿಂದ 1918.

ಪ್ರಶ್ನೆ ಇಷ್ಟೇ. ಊಟಿಗೆ, ಡಾರ್ಜಿಲಿಂಗ್‌ಗೆ ಜನ ರೈಲು ನೋಡೋಕೇ ಹೋಗ್ತಾರೆ. ಬೆಂಗಳೂರಿನ ಪಕ್ಕದಲ್ಲೇ ಇಂಥ ಲೈನು ಇಟ್ಟುಕೊಂಡು ನಾವು ಏನೂ ಮಾಡಬಾರದಾ?

ಕ್ಯಾಮೆರಾ ಕಣ್ಣು

ಕೊನೆಗೂ ಯಾರೋ ಕೇಳಿದರು! ನನ್ನ ಓಟು ನ್ಯಾರೋಗೇಜಿಗೆ. ಚಿಕ್ಕ ಹಳಿ ಮತ್ತೆ ಹಾಕಿ, ಒಂದು ಆವಿ ಎಂಜಿನ್ ತನ್ನಿ, ನಾಲ್ಕು ಡಬ್ಬಿ ಸಾಕು. ಯಲಹಂಕದಿಂದ ನಂದಿವರೆಗೆ. ಬೆಳಗಿನ ಮಂಜಿನಲ್ಲಿ ಹೊಗೆ ಬಿಡ್ತಾ ಬರೋ ಎಂಜಿನ್ನು, ಹಿಂದೆ ಬೆಟ್ಟ. ಆ ಒಂದು ಫೋಟೋಗೆ ಅರ್ಧ ಬೆಂಗಳೂರು ಬರುತ್ತೆ.

ಹಳೇ ಫಿಟ್ಟರ್

ಫೋಟೋ ಚೆನ್ನಾಗಿ ಬರುತ್ತೆ, ಒಪ್ಪಿದೆ. ನಾನು ಬೆಂಗಳೂರು ಶೆಡ್ಡಿನಲ್ಲಿ ಮೀಟರ್‌ಗೇಜಿನ ವೈಪಿ, ವೈಜಿ ಎಂಜಿನ್‌ಗಳ ಕೆಳಗೆ ಮಲಗಿ ಕೆಲಸ ಮಾಡಿದವನು. ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ.

ಈಗ ಅಲ್ಲಿರುವುದು ದೊಡ್ಡ ಗೇಜು, 1,676 ಮಿ.ಮೀ. ಹಳೆಯದು 762. ಎರಡೂ ಬೇಕು ಅಂದರೆ ಮೂರನೇ ಹಳಿ ಹಾಕಬೇಕು. ಬಯಲಿನಲ್ಲಿ ಹಾಕಬಹುದು, ತಕರಾರು ಬರುವುದು ಪಾಯಿಂಟ್ಸ್‌ನಲ್ಲಿ. ಹಳಿ ಕವಲಾಗುವ ಒಂದೊಂದು ಜಾಗದಲ್ಲೂ ಎರಡು ಅಳತೆಯ ಚಕ್ರ ಹಾದು ಹೋಗಬೇಕು. ಪ್ಲಾಟ್‌ಫಾರ್ಮು ಬೇರೆ ದೊಡ್ಡ ಡಬ್ಬಿಯ ಅಗಲಕ್ಕೆ, ಎತ್ತರಕ್ಕೆ ಕಟ್ಟಿರುವುದು. ಸಣ್ಣ ಡಬ್ಬಿ ಬಂದು ನಿಂತರೆ ನಡುವೆ ಅಷ್ಟು ದೊಡ್ಡ ಸಂದು. ಅಜ್ಜಿಯರು ಹತ್ತುವುದು ಹೇಗೆ?

ಆಮೇಲೆ ಮೇಲೆ ನೋಡಿ. 25,000 ವೋಲ್ಟಿನ ತಂತಿ. ಕಲ್ಲಿದ್ದಲ ಹೊಗೆಯ ಮಸಿ ಇನ್ಸುಲೇಟರ್ ಮೇಲೆ ಕೂತರೆ ಕರೆಂಟಿನವರು ಬೈಯದೆ ಬಿಡಲ್ಲ.

ಇನ್ನು ಎಂಜಿನ್ನು. ಗುಂಡಿ ಒತ್ತಿದರೆ ಹೊರಡುವ ಗಾಡಿ ಅಲ್ಲ ಅದು. ಬೆಳಿಗ್ಗೆ ಆರಕ್ಕೆ ರೈಲು ಹೊರಡಬೇಕಾದರೆ ಹಿಂದಿನ ರಾತ್ರಿಯೇ ಬೆಂಕಿ ಹಾಕಬೇಕು. ಎಣ್ಣೆ ಅದ್ದಿದ ಹತ್ತಿವೇಸ್ಟು, ಮೇಲೆ ಸೌದೆ, ಅದು ಹಿಡಿದ ಮೇಲೆ ಸ್ವಲ್ಪ ಸ್ವಲ್ಪ ಕಲ್ಲಿದ್ದಲು. ಅವಸರ ಮಾಡಿ ಬೆಂಕಿ ಏರಿಸಿದರೆ ಬಾಯ್ಲರಿನ ತಗಡು ಒಂದು ಕಡೆ ಕಾದು ಹಿಗ್ಗುತ್ತದೆ, ಇನ್ನೊಂದು ಕಡೆ ತಣ್ಣಗೇ ಇರುತ್ತದೆ. ಟ್ಯೂಬು ಸೋರಲು ಶುರು. ರಾತ್ರಿಯೆಲ್ಲ ಒಬ್ಬ ಕಾಯುತ್ತಾ ಕೂರಬೇಕು, ಬಾಣಂತಿ ಮನೆಯಲ್ಲಿ ಕೂತ ಹಾಗೆ.

ನೀರಿನ ಕಥೆ ಇನ್ನೂ ದೊಡ್ಡದು. ನಮ್ಮ ಬಯಲುಸೀಮೆ ಬೋರ್‌ವೆಲ್ ನೀರು ಗಡಸು. ಮನೆಯ ಗೀಸರಿನೊಳಗೆ ಬಿಳಿ ಪದರ ಕೂತಿರೋದು ನೋಡಿದ್ದೀರಲ್ಲ? ಬಾಯ್ಲರಿನಲ್ಲಿ ಅದೇ ಕೂತರೆ ಶಾಖ ನೀರಿಗೆ ಹೋಗಲ್ಲ, ಟ್ಯೂಬು ಸುಡುತ್ತದೆ. ಆಗಾಗ ಬಾಯ್ಲರ್ ಬಿಚ್ಚಿ ತೊಳೆಯುತ್ತಿದ್ದೆವು. ಆ ಕೆಲಸ ಗೊತ್ತಿದ್ದ ಕೈಗಳು ಈಗ ಎಷ್ಟು ಉಳಿದಿವೆ? ನನಗೇ ಮಂಡಿ ಮಡಚೋಕೆ ಆಗಲ್ಲ.

ಶ್ರೀನಿವಾಸಪುರ ಬಾದಾಮಿ

ನೀರಿಗೆ ಯಾಕೆ ಚಿಂತೆ ಸಾರ್, ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ನಮ್ಮ ಕೆರೆಗೆ ಬಿಡೋ ನೀರು ಬರ್ತಿದೆಯಲ್ಲ. ಬಾಯ್ಲರಿಗೆ ಬೇಕಾದಷ್ಟು ನೊರೆ ಫ್ರೀ.

(ಅಂದಹಾಗೆ ಬಾದಾಮಿ ಅಂದರೆ ಮಾವಿನಹಣ್ಣು. ಹೋದ ಸಲ ಒಬ್ಬರು ಡ್ರೈಫ್ರೂಟ್ಸ್ ರೇಟು ಕೇಳಿದ್ದರು.)

ಕ್ಯಾಮೆರಾ ಕಣ್ಣು

ಫಿಟ್ಟರ್ ಸಾರ್, ಇಷ್ಟು ಚೆನ್ನಾಗಿ ಹೇಳಿದ ಮೇಲೆ ಜಗಳ ಮಾಡೋಕೆ ಮನಸ್ಸು ಬರ್ತಿಲ್ಲ. ಆದರೂ ಒಂದು ಮಾತು. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನಲ್ಲಿ ಟಾಲಿಲಿನ್ ಅಂತ ಒಂದು ಸಣ್ಣ ಲೈನಿದೆ. 1865ರಲ್ಲಿ ಸ್ಲೇಟ್ ಕಲ್ಲು ಸಾಗಿಸೋಕೆ ಹಾಕಿದ್ದು. ಮಾಲೀಕರು ತೀರಿಕೊಂಡ ಮೇಲೆ ಮುಚ್ಚಿಹೋಗುವುದರಲ್ಲಿತ್ತು. 1951ರಲ್ಲಿ ರೈಲಿನ ಹುಚ್ಚಿರುವವರೇ ಸೇರಿಕೊಂಡು ಸಂಬಳ ಇಲ್ಲದೆ ಓಡಿಸೋಕೆ ಶುರು ಮಾಡಿದರು. ಇವತ್ತಿಗೂ ಓಡ್ತಿದೆ. ಟಿಕೆಟ್ ಕೊಡುವವರು, ಹಳಿ ಬಿಗಿಮಾಡುವವರು, ಬಹಳಷ್ಟು ಜನ ಬಿಡುವಿನಲ್ಲಿ ಬರುವವರು. ಅವರ ಕೈಲಾದದ್ದು ನಮ್ಮ ಕೈಲಿ ಯಾಕಾಗಲ್ಲ?

ಹಳೇ ಫಿಟ್ಟರ್

ಅವರದು ಸ್ವಂತ ಹಳಿ. ಅಲ್ಲಿ ಬೇರೆ ರೈಲು ಬರಲ್ಲ. ನಮ್ಮದು ಸರ್ಕಾರದ ಲೈನು, ಹಿಂದೆ ಮುಂದೆ ಗಾಡಿಗಳು ಓಡುತ್ತಿರುತ್ತವೆ. ಹೊಸದಾಗಿ ಹಳಿ ಹಾಕಿ ಜನರನ್ನು ಕೂರಿಸಬೇಕಾದರೆ ರೈಲ್ವೆ ಸುರಕ್ಷತಾ ಆಯುಕ್ತರು ಬಂದು ನೋಡಿ ಸರಿ ಅನ್ನಬೇಕು. ಭಾನುವಾರ ಬಿಡುವಿದೆ ಅಂತ ನಾನೂ ನೀವೂ ಸ್ಪ್ಯಾನರ್ ಹಿಡಿದು ಹೋದರೆ ಆರ್‌ಪಿಎಫ್‌ನವರು (ರೈಲ್ವೆ ರಕ್ಷಣಾ ಪಡೆ) ಕೂರಿಸಿ ಟೀ ಕೊಡ್ತಾರೆ, ಆಮೇಲೆ ಕೇಸು ಹಾಕ್ತಾರೆ.

ಕ್ಯಾತ್ಸಂದ್ರ ತಟ್ಟೆ

ತುಮಕೂರಿನವನು ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. 1915 ಅಂತ ಇಷ್ಟು ಹೆಮ್ಮೆ ಪಡ್ತೀರಲ್ಲ, ನಮ್ಮ ಬೆಂಗಳೂರು–ತುಮಕೂರು ಲೈನು 1884ರದು. ನಮಗೂ ಒಂದು ಪ್ರವಾಸಿ ರೈಲು ಕೊಡಿ. ಬೆಟ್ಟ ಇಲ್ಲದಿದ್ದರೆ ಬೇಡ, ಕ್ಯಾತ್ಸಂದ್ರದಲ್ಲಿ ಅರ್ಧ ಗಂಟೆ ನಿಲ್ಲಿಸಿ. ತಟ್ಟೆ ಇಡ್ಲಿ ತಿಂದು ಹೊರಡೋಣ.

ತಮಾಷೆ ಬಿಡಿ. ನಮ್ಮಲ್ಲಿ ದಿನಾ ಓಡಾಡುವವರು ರೈಲಿಗೇ ಹುಟ್ಟುಹಬ್ಬ ಮಾಡ್ತಾರೆ. ಎಂಜಿನ್‌ಗೆ ಹಾರ, ಬಾಳೆಕಂದು, ಸಿಹಿ ಹಂಚೋದು, ಎಲ್ಲ ಇದೆ. ರೈಲು ಉಳಿಯೋದು ಅದನ್ನು ಹತ್ತುವವರಿಂದ. ನೋಡೋಕೆ ಬರುವವರನ್ನು ನಂಬಿಕೊಂಡರೆ ಕೆಟ್ಟಿರಿ, ಮಳೆ ಬಂದರೆ ಅವರು ಮನೆಯಲ್ಲೇ ಇರ್ತಾರೆ.

ಶಿಡ್ಲಘಟ್ಟ ಗೂಡು

ಮೇಲಿನವರ ಮಾತಿಗೆ ನನ್ನದೂ ಒಂದು ಸಹಿ.

ನಮ್ಮಪ್ಪ ರೀಲರ್, ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ ಎಂಥದ್ದು ಅಂತ ನಾನು ಹೇಳಬೇಕಾಗಿಲ್ಲ. ನ್ಯಾರೋಗೇಜು ನಿಂತ ಮೇಲೆ ಎಷ್ಟೋ ವರ್ಷ ನಮ್ಮ ಊರಲ್ಲಿ ರೈಲೇ ಇರಲಿಲ್ಲ. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ದೊಡ್ಡ ಗೇಜು ಬಂದದ್ದು 2013ರ ನವೆಂಬರ್‌ನಲ್ಲಿ. ಅಲ್ಲಿವರೆಗೆ ನಾವು ಹುಡುಗರು ಖಾಲಿ ದಾರಿಯ ಮೇಲೆ ಸೈಕಲ್ ಹೊಡೀತಿದ್ದೆವು. ಆಗ ಒಬ್ಬರೂ ಕ್ಯಾಮೆರಾ ಹಿಡಿದು ಬರಲಿಲ್ಲ. ಈಗ ರೈಲು ಬಂದಿದೆ, ಹೆಂಗಸರು ಮಕ್ಕಳು ಆಸ್ಪತ್ರೆಗೆ, ಕಾಲೇಜಿಗೆ ಹೋಗ್ತಿದ್ದಾರೆ. ಇರೋದು ಒಂದೇ ಹಳಿ. ಅದರ ಮೇಲೆ ಪ್ರವಾಸಿ ರೈಲು ಬಿಟ್ಟರೆ ಕ್ರಾಸಿಂಗ್‌ಗೆ ಲೂಪಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ಕಾಯೋದು ಯಾರ ಗಾಡಿ? ನಮ್ಮದೇ ಅಲ್ವಾ? ದುಡ್ಡು ಜಾಸ್ತಿ ಕೊಟ್ಟವರು ಮುಂದೆ ಹೋಗ್ತಾರೆ.

ಬೇಜಾರಿಗೆ ಹೇಳ್ತಿಲ್ಲ. ಯೋಚನೆ ಮಾಡಿ ಅಂತ.

ಸುಲ್ತಾನ್‌ಪೇಟೆ ಮೆಟ್ಟಿಲು

ನಿಜ ಹೇಳಬೇಕು ಅಂದರೆ ಇದು ನನ್ನ ತಲೆಗೆ ಬಂದಿರಲಿಲ್ಲ. ಬೇರೆ ರೈಲು ಬಿಡಿ ಅನ್ನೋದು ನನ್ನ ಮನಸ್ಸಿನಲ್ಲಿದ್ದದ್ದು. ಸ್ವಲ್ಪ ತಡೀರಿ, ಬೇರೆಯವರೂ ಹೇಳಲಿ.

ಚಿಂತಾಮಣಿ ಮೊಮ್ಮಗಳು

ನಮ್ಮಜ್ಜಿಯ ಟ್ರಂಕಿನಲ್ಲಿ ಒಂದು ಟಿಕೆಟ್ ಇದೆ. ಅಂಗೈಗಿಂತ ಚಿಕ್ಕದು, ದಪ್ಪ ರಟ್ಟು, ಒಂದು ಅಂಚಿನಲ್ಲಿ ಕಚ್ಚು. ತಾರೀಖು ಬಣ್ಣದಲ್ಲಿಲ್ಲ, ರಟ್ಟಿನ ಮೇಲೆ ಒತ್ತಿರೋದು. ಬೆಳಕಿಗೆ ಓರೆ ಮಾಡಿ ಹಿಡಿದರೆ ಮಾತ್ರ ಕಾಣುತ್ತೆ, ಅದೂ ವರ್ಷದ ಅಂಕಿ ಸವೆದುಹೋಗಿದೆ. ಮದುವೆಯಾಗಿ ಕೋಲಾರದಿಂದ ಚಿಂತಾಮಣಿಗೆ ಬಂದ ದಿನದ ಟಿಕೆಟ್ ಅಂತೆ. ಇಳಿಯುವಾಗ ವಾಪಸ್ ಕೊಡಬೇಕಿತ್ತು. ಕೊಡದೆ ಕುಪ್ಪಸದೊಳಗೆ ಸೇರಿಸಿಕೊಂಡರಂತೆ. "ಮದುವಣಗಿತ್ತೀನ ಯಾರು ತಡೀತಾರೆ" ಅಂತ ಈಗಲೂ ನಗ್ತಾರೆ.

ರೈಲಿನಲ್ಲಿ ಎದುರುಬದುರು ಕೂತರೆ ಮಂಡಿಗೆ ಮಂಡಿ ತಾಗುತ್ತಿತ್ತಂತೆ. ತಾತನ ಮುಖ ಮೊದಲು ಸರಿಯಾಗಿ ನೋಡಿದ್ದು ಅಲ್ಲೇ. ಇದನ್ನೆಲ್ಲ ಇಡೋಕೆ ಒಂದು ಕೋಣೆ ಬೇಡ್ವಾ? ರೈಲು ಓಡದಿದ್ದರೂ ಪರವಾಗಿಲ್ಲ. ಯಾವುದಾದರೂ ಹಳೇ ಸ್ಟೇಷನ್ನಿನ ಒಂದು ಕೋಣೆ.

ಹಳೇ ಫಿಟ್ಟರ್

ಅಮ್ಮಾ, ಆ ಟಿಕೆಟ್ಟನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ರಟ್ಟು ಒತ್ತಿಹೋಗಿ ಉಳಿದ ಅಂಕಿಗಳೂ ಮಾಯ ಆಗ್ತವೆ. ಒಣ ಕಾಗದದ ಕವರಿನಲ್ಲಿ ಇಡಿ.

ಮಾರಿಕುಪ್ಪಂ ಸೀಸನ್ ಪಾಸ್

ಕೆಜಿಎಫ್‌ನಿಂದ ಒಂದು ದನಿ. ಬೌರಿಂಗ್‌ಪೇಟೆ–ಮಾರಿಕುಪ್ಪಂ ಲೈನು 1894ರದು. ಸುಮಾರು 16 ಕಿ.ಮೀ., ಹಾಕಿದ್ದೇ ಚಿನ್ನದ ಗಣಿಗಾಗಿ. ಮೊದಲಿಂದ ದೊಡ್ಡ ಗೇಜು, ಹಾಗಾಗಿ ನಮಗೆ ಗೇಜು ಬದಲಾಯಿಸುವ ತಲೆನೋವು ಬರಲಿಲ್ಲ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಆಮೇಲೆ ಮಾರಿಕುಪ್ಪಂ. ಸ್ಟೇಷನ್ ಹೆಸರು ಓದಿದರೇ ಗಣಿಯ ಚರಿತ್ರೆ ಬಂತು. ಶಿವನಸಮುದ್ರದಿಂದ 1902ರಲ್ಲಿ ಕರೆಂಟು ಬಂದ ಊರು ನಮ್ಮದು. ಗಣಿ 3 ಕಿ.ಮೀ.ಗಿಂತ ಆಳ ಇಳಿದಿತ್ತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಅವತ್ತಿಂದ ಊರಿಗೆ ಊರೇ ಬೆಂಗಳೂರಿಗೆ ದುಡಿಯೋಕೆ ಹೋಗುತ್ತೆ. ಕತ್ತಲಲ್ಲಿ ಹತ್ತಿ ಕತ್ತಲಲ್ಲಿ ಇಳೀತೀವಿ. ಒಂದು ಸಲ ಯಾರೋ ಚಾನೆಲ್‌ನವರು ಬಂದು ನಮ್ಮ ಡಬ್ಬಿಯಲ್ಲಿ ಇಸ್ಪೀಟು ಆಡುವವರನ್ನು, ನಿಂತುಕೊಂಡೇ ನಿದ್ದೆ ಮಾಡುವವರನ್ನು ಶೂಟ್ ಮಾಡಿಕೊಂಡು "ಪರಂಪರೆಯ ಪಯಣ" ಅಂತ ಹಾಕಿದ್ದರು. ಸೀಟು ಸಿಗದೆ ನಿಂತವನಿಗೆ ಅದೆಂಥ ಪರಂಪರೆ ಸ್ವಾಮಿ.

ಆದರೆ ಮಧ್ಯಾಹ್ನದ ಹೊತ್ತು ನಮ್ಮ ಕಡೆಯ ಗಾಡಿ ಖಾಲಿ ಇರುತ್ತೆ. ಆ ಹೊತ್ತಿನಲ್ಲಿ ಯಾರಾದರೂ ಬಂದು ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡೆ), ಹಳೇ ಬಂಗಲೆ, ಗಣಿಯ ಕಬ್ಬಿಣದ ಗೋಪುರ ನೋಡಿಕೊಂಡು ಹೋದರೆ ನಮಗೆ ಸಂತೋಷವೇ. ಆಟೋದವರಿಗೆ ಎರಡು ಬಾಡಿಗೆ ಸಿಗುತ್ತೆ.

ಶ್ರೀನಿವಾಸಪುರ ಬಾದಾಮಿ

ಕೋಲಾರ–ಬಂಗಾರಪೇಟೆ ರೈಲ್‌ಬಸ್ಸು ನೆನಪಿದೆಯಾ ಯಾರಿಗಾದ್ರೂ? ಒಂದೇ ಡಬ್ಬಿ, ಬಸ್ಸಿನ ಥರ. ಪರಂಪರೆ ಅಂದರೆ ನನಗೆ ಅದೇ. ಸ್ಕೂಲ್ ತಪ್ಪಿಸಿಕೊಂಡು ಹೋಗ್ತಿದ್ದೆವು.

ಕ್ಯಾಮೆರಾ ಕಣ್ಣು

ಅದರ ಫೋಟೋ ನನ್ನ ಹತ್ತಿರ ಹನ್ನೆರಡಿದೆ!! ಹುಡುಕಿ ಹಾಕ್ತೀನಿ.

ಲೆಕ್ಕದ ಪುಸ್ತಕ

ನಾನು ಹುಟ್ಟಿದ್ದು ಗೌರಿಬಿದನೂರು, ಕೆಲಸದ ಮೇಲೆ ಸೂರತ್‌ನಲ್ಲಿದ್ದೀನಿ. ಇಲ್ಲಿಂದ ಹತ್ತಿರ ಬಿಲಿಮೋರಾ–ವಘಾಯ್ ಅಂತ ಲೈನಿದೆ. ನಿಮ್ಮ ಚರ್ಚೆಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ. ಅದೂ ಎರಡೂವರೆ ಅಡಿ ಗೇಜು. ಅದೂ 1913ರದು, ಕೋಲಾರದ ಲೈನಿನ ಓರಗೆ. ನಮಗೆ ಮೈಸೂರು ರಾಜರಿದ್ದ ಹಾಗೆ ಅಲ್ಲಿ ಬರೋಡಾದ ಗಾಯಕವಾಡ ರಾಜರು. ಡಾಂಗ್ ಕಾಡಿನ ಸಾಗುವಾನಿ ಮರ ಸಾಗಿಸೋಕೆ ಹಾಕಿದ 63 ಕಿ.ಮೀ. ಹಳಿ. ಗುಜರಾತಿನ ಐದು ನ್ಯಾರೋಗೇಜ್ ಲೈನುಗಳನ್ನು ಹಾಗೇ ಉಳಿಸಿಕೊಳ್ಳಬೇಕು ಅಂತ 2018ರಲ್ಲಿ ರೈಲ್ವೆ ತೀರ್ಮಾನ ಮಾಡಿತ್ತು, ಇದೂ ಅದರಲ್ಲಿ ಒಂದು. ಆದರೂ 2020ರಲ್ಲಿ ನಷ್ಟ ಅಂತ ನಿಲ್ಲಿಸೋಕೆ ಹೊರಟರು. ಜನ ಗಲಾಟೆ ಮಾಡಿದರು. 2021ರ ಸೆಪ್ಟೆಂಬರ್‌ನಲ್ಲಿ ಮತ್ತೆ ಶುರುವಾಯಿತು.

ಶುರುವಾದ ರೀತಿ ಗಮನಿಸಿ. ಹೊಸ ರೈಲು ಬಿಡಲಿಲ್ಲ. ಊರಿನವರು ಓಡಾಡುವ ಅದೇ ಗಾಡಿಗೆ ದೊಡ್ಡ ಕಿಟಕಿಯ ಒಂದು ಎ.ಸಿ. ಡಬ್ಬಿ ಸೇರಿಸಿದರು. ನಾನು ಮಳೆಗಾಲದಲ್ಲಿ ಹೋಗಿದ್ದೆ. ಮೂರು ಗಂಟೆ ಹಿಡೀತು. ನಮ್ಮ ಡಬ್ಬಿಯವರು ಕಾಡು ನೋಡ್ತಿದ್ದರು, ಪಕ್ಕದ ಡಬ್ಬಿಯವರು ಸಂತೆಗೆ ಹೋಗ್ತಿದ್ದರು. ಒಂದು ಸ್ಟೇಷನ್ನಿನಲ್ಲಿ ಹಳ್ಳಿಯ ಹೆಂಗಸೊಬ್ಬರು ನಮ್ಮ ಗಾಜಿಗೆ ಮುಖ ಒತ್ತಿ, ಒಳಗಿರುವವರನ್ನು ಝೂ ನೋಡಿದ ಹಾಗೆ ನೋಡಿದರು.

ನಮ್ಮಲ್ಲೇ ನೋಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ 55 ಕಿ.ಮೀ., 57 ಸುರಂಗ. 2021ರ ಜುಲೈನಲ್ಲಿ ಅಲ್ಲಿ ವಿಸ್ಟಾಡೋಮ್, ಅಂದರೆ ಗಾಜಿನ ಮಾಡಿನ ಡಬ್ಬಿ, ಬಂದಾಗಲೂ ಹೀಗೇ, ಹಗಲು ಓಡುವ ಮಾಮೂಲಿ ಮಂಗಳೂರು ರೈಲಿಗೆ ಜೋಡಿಸಿದ್ದು. ಟಿಕೆಟ್ ಸಿಗೋದೇ ಕಷ್ಟ ಆಯಿತು.

ಬೇರೆಯದೇ ಪ್ರವಾಸಿ ರೈಲು ಅಂದರೆ ಖರ್ಚು ಪೂರ್ತಿ ಅದರ ತಲೆಗೇ ಬೀಳುತ್ತೆ. ಡ್ರೈವರ್, ಗಾರ್ಡ್, ಡಬ್ಬಿ, ಹಳಿಯ ಮೇಲಿನ ಹೊತ್ತು, ಎಲ್ಲ. ಡಾರ್ಜಿಲಿಂಗ್ 1999ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿತು, ನೀಲಗಿರಿ 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ. ಅಷ್ಟು ಹೆಸರಿದ್ದರೂ ಬೆಟ್ಟದ ರೈಲುಗಳಿಗೆ ಟಿಕೆಟ್ ದುಡ್ಡಿನಲ್ಲಿ ಖರ್ಚು ಹುಟ್ಟಲ್ಲ. ನಂದಿಗೆ ಹುಟ್ಟುತ್ತಾ?

ಶಿಡ್ಲಘಟ್ಟ ಗೂಡು

ಇದಾದರೆ ನನಗೆ ತಕರಾರಿಲ್ಲ. ನಮ್ಮ ಗಾಡಿಗೇ ಒಂದು ಡಬ್ಬಿ ಜಾಸ್ತಿ ಸೇರಿಸಿದರೆ ನಾವು ಯಾಕೆ ಬೇಡ ಅನ್ನೋಣ. ಗಾಡಿ ಹೊತ್ತಿಗೆ ಸರಿಯಾಗಿ ಬಂದರೆ ಸಾಕು. ಗಾಜಿಗೆ ಮುಖ ಒತ್ತಿ ನೋಡೋ ಕೆಲಸ ನಮ್ಮ ಅತ್ತೆ ಮಾಡ್ತಾರೆ.

ಆವತಿ ಹಂಚು

ರೈಲಿನ ಬಗ್ಗೆ ಎಲ್ಲರೂ ಹೇಳಿದಿರಿ, ಕಟ್ಟಡದ ಬಗ್ಗೆ ನಾನು ಹೇಳ್ತೀನಿ. ನನ್ನ ಸಂಕಟ ಅದೇ.

ಈ ಲೈನಿನ ಹಳೇ ಸ್ಟೇಷನ್‌ಗಳು, ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಇವನ್ನು ಉಳಿಸಬೇಕು ಅಂತ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಬೆಂಗಳೂರು ಘಟಕದವರು ಅಳತೆ, ಚಿತ್ರ ಎಲ್ಲ ಮಾಡಿದ್ದಾರೆ. ಒಳ್ಳೇದು. ಆದರೆ ಚಿತ್ರ ಬರೆಯೋರು ಒಬ್ಬರು, ಮಾಡು ರಿಪೇರಿ ಮಾಡೋರು ಇನ್ನೊಬ್ಬರು.

ಕೆಲವು ವರ್ಷದ ಹಿಂದೆ ನಾನು ಓಡಾಡೋ ದಾರಿಯಲ್ಲಿ ಒಂದು ಹಳೇ ರೈಲ್ವೆ ಕಟ್ಟಡದ ಮಾಡು ಬಿಚ್ಚುತ್ತಿದ್ದರು. ಎಲ್ಲಿ ಅಂತ ಹೇಳಲ್ಲ. ಹಂಚು ಸೋರುತ್ತಿತ್ತು, ತಗಡಿನ ಶೀಟು ಹಾಕ್ತೀವಿ ಅಂದರು. ಇಳಿಸಿದ ಹಂಚು ನೆಲಕ್ಕೆ ಎಸೆದಿದ್ದರು. ಒಂದನ್ನು ತಿರುಗಿಸಿ ನೋಡಿದೆ. ಹಿಂದುಗಡೆ ಮಂಗಳೂರಿನ ಕಾರ್ಖಾನೆಯ ಅಚ್ಚು. ನೂರು ವರ್ಷದ ಹಂಚು, ಬೆರಳಿನಿಂದ ತಟ್ಟಿದರೆ ಹಿತ್ತಾಳೆ ಹಾಗೆ ಠಣ್ ಅನ್ನುತ್ತೆ. ನೂರರಲ್ಲಿ ಹತ್ತೋ ಹದಿನೈದೋ ಒಡೆದಿರಬಹುದು. ಹಂಚು ಕೂರಿಸುವ ಮರದ ಪಟ್ಟಿ, ಅಂದರೆ ಕೆಳಗಿನ ರೀಪು, ಗೆದ್ದಲು ತಿಂದಿತ್ತು, ಸೋರಿದ್ದು ಅದಕ್ಕೇ. ರೀಪು ಬದಲಾಯಿಸಿ ಅದೇ ಹಂಚು ಕೂರಿಸಿದ್ದರೆ ಮುಗಿದಿತ್ತು. ಮೇಸ್ತ್ರಿಗೆ ಹೇಳಿದೆ. "ನಮಗೆ ಬರೆದುಕೊಟ್ಟಿರೋದು ಶೀಟು ಸಾರ್" ಅಂದ. ಪಾಪ, ಅವನದೇನು ತಪ್ಪು.

ಏಳು ಹಂಚು ಸ್ಕೂಟರಿನಲ್ಲಿ ಮನೆಗೆ ತಂದೆ. ಹೆಂಡತಿ ಅದರ ಮೇಲೆ ತುಳಸಿ ಕುಂಡ ಇಟ್ಟಿದ್ದಾಳೆ.

ಮುಂದೆ ಜೋಡಿ ಹಳಿ ಬಂದರೆ, ಉಪನಗರ ರೈಲು ದೇವನಹಳ್ಳಿವರೆಗೆ ಬಂದರೆ, ಜಾಗ ಸಾಲದು ಅಂತ ಮೊದಲು ಕೈ ಹಾಕೋದು ಈ ಕಟ್ಟಡಗಳಿಗೇ. ಪ್ರವಾಸಿ ರೈಲು ಅಂತ ಹತ್ತು ವರ್ಷ ಚರ್ಚೆ ಮಾಡ್ತಾ ಕೂತರೆ ಅಷ್ಟರಲ್ಲಿ ನೋಡೋಕೆ ಏನೂ ಇರಲ್ಲ.

ಚಿಂತಾಮಣಿ ಮೊಮ್ಮಗಳು

ಠಣ್ ಅನ್ನೋ ಹಂಚು. ನಮ್ಮಜ್ಜಿಯೂ ಮಡಕೆ ಹಾಗೇ ತಟ್ಟಿ ಕೊಳ್ತಾರೆ.

ಸುಲ್ತಾನ್‌ಪೇಟೆ ಮೆಟ್ಟಿಲು

ಎಲ್ಲರದೂ ಎರಡೆರಡು ಸಲ ಓದಿದೆ. ನನ್ನ ಅಭಿಪ್ರಾಯ ಬದಲಾಗಿದೆ, ಬಿಚ್ಚಿ ಹೇಳ್ತೀನಿ.

ನ್ಯಾರೋಗೇಜು ಮತ್ತೆ ಬರಲ್ಲ. ಕ್ಯಾಮೆರಾ ಕಣ್ಣು ಬೈಯಬೇಡಿ. ಗುಜರಾತಿನವರು ಕೀಳುವ ಮೊದಲೇ ಉಳಿಸಿಕೊಂಡರು, ನಾವು ಕಿತ್ತ ಮೇಲೆ ನೆನಪಿಸಿಕೊಳ್ತಿದ್ದೀವಿ. ನಮ್ಮ ಹತ್ತಿರ ಉಳಿದಿರೋದು ದಾರಿ, ಕಟ್ಟಡ, ಮರ, ಜೊತೆಗೆ ದಿನಾ ಓಡುವ ರೈಲು. ಅದರಲ್ಲಿ ದಿನಾ ಓಡುವ ರೈಲೇ ದೊಡ್ಡ ಆಸ್ತಿ. ಮೆಮು ಗಾಡಿ, ಅಂದರೆ ಕರೆಂಟಿನ ಲೋಕಲ್ ರೈಲು, 2022ರ ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರದವರೆಗೆ ಬಂದಾಗ ಪೇಪರಿನಲ್ಲೆಲ್ಲ ನಂದಿಬೆಟ್ಟದ ರೈಲು ಅಂತಲೇ ಬರೆದರು. ಆಮೇಲೆ ಎಷ್ಟು ಜನ ಹತ್ತಿದರು? ಸ್ಟೇಷನ್ನಿನಿಂದ ಮುಂದೆ ಹೋಗೋದು ಹೇಗೆ ಅಂತ ಯಾರೂ ಹೇಳಲಿಲ್ಲ, ಅಲ್ಲೇ ಎಡವಿದ್ದು.

ನಾನು ಮಗಳ ಜೊತೆ ಇಳಿದಾಗ ಬೆಟ್ಟಕ್ಕೆ ಹೋಗೋಕೆ ಒಂದು ಆಟೋ ಇರಲಿಲ್ಲ. ಶನಿವಾರ ಭಾನುವಾರ ಒಂದು ಮಿನಿಬಸ್ಸು ರೈಲಿಗೆ ಕಾದು ನಿಂತರೆ ಸಾಕು. ದೇವಸ್ಥಾನ, ಸುಲ್ತಾನ್‌ಪೇಟೆ, ಬೆಟ್ಟದ ಬುಡ, ವಾಪಸ್. ಮಂಡಿ ಗಟ್ಟಿ ಇರೋರು ಸುಲ್ತಾನ್‌ಪೇಟೆಯಲ್ಲಿ ಇಳಿದು 1,175 ಮೆಟ್ಟಿಲು ಹತ್ತಲಿ. 1,478 ಮೀಟರಿನ ಬೆಟ್ಟಕ್ಕೆ ಕಾರಿನಲ್ಲಿ ಹೋಗಿ ಕಾರಿನ ಸಾಲನ್ನೇ ನೋಡಿಕೊಂಡು ಬರೋದಕ್ಕಿಂತ ಅದು ವಾಸಿ.

ಡಬ್ಬಿ ವಿಷಯ ಸೂರತ್‌ನವರು ಹೇಳಿದ ಹಾಗೆ. ಮೆಮುವಿಗೆ ಬೇಕಾದ ಹಾಗೆ ಡಬ್ಬಿ ಜೋಡಿಸೋಕೆ ಆಗುತ್ತಾ ಫಿಟ್ಟರ್ ಸಾರ್?

ಹಳೇ ಫಿಟ್ಟರ್

ಅಷ್ಟು ಸುಲಭ ಅಲ್ಲ. ಮೆಮು ಅಂದರೆ ಒಂದು ಸೆಟ್ಟು. ಮೋಟಾರು ಡಬ್ಬಿಯಲ್ಲೇ ಇರುತ್ತೆ, ಎರಡು ತುದಿಗೂ ಡ್ರೈವರ್ ಕ್ಯಾಬಿನ್ನು. ನಡುವೆ ಕತ್ತರಿಸಿ ಬೇರೆ ಡಬ್ಬಿ ಸಿಕ್ಕಿಸೋಕೆ ಬರಲ್ಲ. ಎಂಜಿನ್ ಎಳೆಯುವ ರೈಲಾದರೆ ಹಿಂದೆ ಒಂದು ಡಬ್ಬಿ ಕೊಂಡಿ ಹಾಕಬಹುದು. ಆದರೆ ಕೊನೆಯ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ಲೂಪಿನಲ್ಲಿ ಸುತ್ತಿಸಿ ಈ ತುದಿಗೆ ತರಬೇಕು. ಅದಕ್ಕೆ ಹೊತ್ತು, ಆಳು ಬೇಕು.

ಇನ್ನೊಂದು ದಾರಿ ಇದೆ. ಮೆಮುವಿನ ಕಿಟಕಿಯ ಗಾಜು ತೊಳೀರಿ. ಅರ್ಧ ಪ್ರವಾಸ ಅಲ್ಲೇ ಆಯಿತು.

ಕ್ಯಾಮೆರಾ ಕಣ್ಣು

ಸೋತೆ. ಆದರೆ ಒಂದು ಬೇಡಿಕೆ ಇಟ್ಟೇ ಹೋಗ್ತೀನಿ. ಎಲ್ಲಾದರೂ ಒಂದು ನ್ಯಾರೋಗೇಜ್ ಎಂಜಿನ್ನು, ಓಡದಿದ್ದರೂ ಸರಿ, ನಂದಿ ಹಾಲ್ಟ್‌ನ ಮರದ ಕೆಳಗೆ ತಂದು ನಿಲ್ಲಿಸಿ. ಕೆಳಗೆ ಎರಡೂವರೆ ಅಡಿ ಹಳಿ ಹತ್ತು ಮೀಟರ್. ಪಕ್ಕದಲ್ಲೇ ದೊಡ್ಡ ಗೇಜು ಇರುತ್ತಲ್ಲ, ಮಕ್ಕಳು ಎರಡನ್ನೂ ಕಾಲಲ್ಲಿ ಅಳೆದು ನೋಡಲಿ. ಒಳಗಿನ ಕೋಣೆಯಲ್ಲಿ ಅಜ್ಜಿ ಟಿಕೆಟ್ಟು.

ಹಳೇ ಫಿಟ್ಟರ್

ಅದಕ್ಕೆ ನಾನೇ ಬಂದು ಬಣ್ಣ ಹೊಡೀತೀನಿ. ಮಂಡಿ ಮಡಚದೆ ಎಷ್ಟು ಎತ್ತರ ಎಟಕುತ್ತೋ ಅಷ್ಟು.

ಚಿಂತಾಮಣಿ ಮೊಮ್ಮಗಳು

ಅಜ್ಜಿನ ಕೇಳಿದೆ. ಟಿಕೆಟ್ ಕೊಡಲ್ವಂತೆ. "ಅವತ್ತೇ ಕೊಡಲಿಲ್ಲ, ಈಗ ಕೊಡ್ತೀನಾ" ಅಂದರು. ಫೋಟೋ ತೆಗೆದುಕೊಳ್ಳಿ ಅಂತಾರೆ.

ಆವತಿ ಹಂಚು

ಬರೋ ಭಾನುವಾರ ನಾನು ನಂದಿ ಹಾಲ್ಟ್‌ಗೆ ಬರ್ತೀನಿ. ಮಾಡಿನ ಒಂದೊಂದು ಮೂಲೆಯದೂ ಫೋಟೋ ತೆಗೆದು ತಾರೀಖು ಹಾಕಿ ಇಡೋಣ. ನಾಳೆ ಯಾರಾದರೂ ಶೀಟು ಹಾಕೋಕೆ ಬಂದರೆ ಮುಂಚೆ ಹೇಗಿತ್ತು ಅಂತ ತೋರಿಸೋಕಾದರೂ ಇರಲಿ. ಯಾರ್‍ಯಾರು ಬರ್ತೀರಿ?

ಮಾರಿಕುಪ್ಪಂ ಸೀಸನ್ ಪಾಸ್

ಭಾನುವಾರ ಒಂದು ದಿನ ರಜ, ಅವತ್ತೂ ರೈಲಾ! ಬರ್ತೀನಿ ಬಿಡಿ.

ಕ್ಯಾತ್ಸಂದ್ರ ತಟ್ಟೆ

ಇಡ್ಲಿ ನನ್ನ ಕಡೆಯಿಂದ. ಎಷ್ಟು ಜನ ಅಂತ ಶನಿವಾರ ಸಂಜೆಯೊಳಗೆ ಹೇಳಿ. ಅಲ್ಲಿಗೆ ಬರೋಷ್ಟರಲ್ಲಿ ತಣ್ಣಗಾಗಿರುತ್ತೆ, ಆಮೇಲೆ ಬೈಯಬೇಡಿ.

ಸುಲ್ತಾನ್‌ಪೇಟೆ ಮೆಟ್ಟಿಲು

ನಾವಿಬ್ಬರು. ಮಗಳು ಈ ಸಲ ಕಿಟಕಿ ಪಕ್ಕ ಕೂರಬೇಕಂತೆ, ಬೆಟ್ಟ ಯಾವ ಕಡೆ ಬರುತ್ತೆ ಅಂತ ಕೇಳ್ತಿದ್ದಾಳೆ. ಹೋದ ಸಲ ತಪ್ಪು ಕಡೆ ಕೂತಿದ್ದೆವು.

ಹಳೇ ಫಿಟ್ಟರ್

ಯಲಹಂಕದಿಂದ ಹೋಗುವಾಗ ಎಡಗಡೆ. ದೇವನಹಳ್ಳಿ ದಾಟಿದ ಮೇಲೆ ಮೊಬೈಲ್ ಒಳಗಿಡೋಕೆ ಹೇಳಿ.